ಪಂಚಮಿಗೆ ಕರೆಯದ ಅವ್ವ

ಪಂಚಮಿ ನಮ್ಮ ಹಬ್ಬವಲ್ಲ. ನಾವು ಚರ್ಚಿನವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಒಂದು ಮಾತನ್ನು ಮುಂದಿಟ್ಟುಕೊಂಡೇ ನನ್ನ ಅವ್ವ ನನ್ನನ್ನು ತವರಿಗೆ ಕರೆಯದೆ ವರ್ಷಗಟ್ಟಲೆ ಕಳೆದಳು. ಅದೇ ಅವ್ವ, ಅದೇ ಹಬ್ಬಕ್ಕೆ, ಪ್ರತಿ ಶ್ರಾವಣದಲ್ಲಿ ಅಸೂಟಿಯಿಂದ ಇನ್ನೊಬ್ಬಳನ್ನು ಕರೆಸಿಕೊಂಡು, ಉಂಡಿ ಕಟ್ಟಿ, ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಹಾಕಿ ಜೀಕಿಸುತ್ತಿದ್ದಳು.

ಹೊಟ್ಟೆಕಿಚ್ಚು ಅನ್ನಿ. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವ ಚಾಲಾಕಿ ನನಗಿಲ್ಲ. ಅವ್ವನೇ ಹೇಳುತ್ತಿದ್ದಳು, ಎಲ್ಲ ಬೇನೆಗೂ ದವಾಖಾನೆಯಲ್ಲಿ ಒಂದಿಲ್ಲೊಂದು ಗುಳಿಗೆ ಸಿಗುತ್ತದೆ, ಹೊಟ್ಟೆಕಿಚ್ಚಿಗೆ ಮಾತ್ರ ಇಲ್ಲ ಅಂತ. ನನ್ನ ಕಡೆ ನೋಡಿಕೊಂಡೇ ಹೇಳುತ್ತಿದ್ದಳು.

ಅವ್ವ ರೋಣದ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದಳು. ನಡುವೆ ಕೆಲವು ವರ್ಷ ನರಗುಂದಕ್ಕೆ ವರ್ಗವಾಗಿ ದಿನಾ ಬಸ್ಸಿನಲ್ಲಿ ಓಡಾಡಿದಳು. ಉಳಿದದ್ದೆಲ್ಲ ರೋಣದಲ್ಲೇ, ಹೆರಿಗೆ ವಾರ್ಡಿನಲ್ಲೇ. ಊರಿನವರಿಗೆ ಅವಳು ನರ್ಸಬಾಯಿ. ಅವಳ ಜೊತೆ ಪೇಟೆಗೆ ಹೋಗುವುದೆಂದರೆ ನನಗೆ ಶಿಕ್ಷೆ. ಅಬ್ಬಿಗೇರಿಯವರು ಸಿಕ್ಕರೆ ನಿಲ್ಲಬೇಕು, ಇಟಗಿಯವರು ಸಿಕ್ಕರೆ ನಿಲ್ಲಬೇಕು. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತ ಮೀಸೆಯ ಗಂಡಸು ಎದ್ದು ನಿಂತು ಕೈ ಮುಗಿಯುವನು. ಅವ್ವ ಎಲ್ಲರೆದುರೇ ಅವನ ಕಿವಿ ಹಿಂಡಿ, ಹುಟ್ಟುವಾಗ ಅವನು ಅವನವ್ವನಿಗೆ ಎಷ್ಟು ತ್ರಾಸು ಕೊಟ್ಟಿದ್ದ ಅಂತ ಹೇಳುವಳು. ಅವನೂ ನಗುವನು, ಗಿರಾಕಿಗಳೂ ನಗುವರು. ಪಕ್ಕದಲ್ಲಿ ನಾನು ಕೈಚೀಲ ಹಿಡಿದು ನಿಂತಿರುತ್ತಿದ್ದೆ. ನಾನು ಹುಟ್ಟುವಾಗ ಹೇಗೆ ಹುಟ್ಟಿದೆ ಅಂತ ಅವಳು ಒಂದು ದಿನವೂ ಹೇಳಿರಲಿಲ್ಲ.

ಅಪ್ಪ ಬಸ್ ಕಂಡಕ್ಟರ್. ಮಾತು ಕಡಿಮೆ. ಊಟದ ಹೊತ್ತಿಗೆ ಬಾಗಿಲು ಬಡಿದರೆ ಅವ್ವ ಅರ್ಧ ತಿಂದ ರೊಟ್ಟಿ ಮುಚ್ಚಿಟ್ಟು ಹೊರಡುವಳು. ಅಪ್ಪ ಆ ರೊಟ್ಟಿಯ ಮೇಲಿನ ಬುಟ್ಟಿ ನೋಡುತ್ತ, ನಿಮ್ಮವ್ವ ಅರ್ಧ ಸರ್ಕಾರದಾಕಿ, ಅರ್ಧ ದೇವರಾಕಿ, ನಡುವೆ ಏನಾದರೂ ಉದುರಿದರೆ ನಾವು ಆಯ್ದುಕೊಳ್ಳಬೇಕು ಅನ್ನುತ್ತಿದ್ದ. ಅವನಿಗೆ ಅದು ತಮಾಷೆ. ನಾನು ಆಯ್ದುಕೊಳ್ಳಲು ನಿಜವಾಗಿಯೂ ನೆಲ ನೋಡುತ್ತಿದ್ದೆ.

ದೇವರ ಅರ್ಧದ ಬಗ್ಗೆಯೂ ಹೇಳಬೇಕು. ನಮ್ಮ ಚರ್ಚು ಸಣ್ಣದು, ಹಂಚಿನದು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡುವರು. ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ಒಗೆಯುವ ಕೆಲಸ ಅವ್ವನದು. ಆ ಬಟ್ಟೆಯನ್ನು ಮನೆಗೆ ತಂದು, ಬೇರೆ ಬಕೆಟ್ಟಿನಲ್ಲಿ ನೆನೆಹಾಕಿ, ಗಂಜಿ ಕೊಟ್ಟು, ನೆರಳಲ್ಲಿ ಒಣಗಿಸಿ, ಇದ್ದಿಲು ಇಸ್ತ್ರಿ ಕಾಯಿಸಿ, ಒಂದು ನಿರಿಗೆಯೂ ಉಳಿಯದ ಹಾಗೆ ಇಸ್ತ್ರಿ ಮಾಡುವಳು. ನಾವು ಮುಟ್ಟುವ ಹಾಗಿಲ್ಲ. ಸೋಮವಾರ ನಾನು ಸಾಲಿಗೆ ಹೋಗುವಾಗ ನನ್ನ ಅಂಗಿ ಮುದುಡಿದ ಹಾಗೇ ಇರುತ್ತಿತ್ತು. ಮಾಸ್ತರರು ಕೇಳಿದರೆ ಏನು ಹೇಳಲಿ, ನಮ್ಮ ಮನೆಯಲ್ಲಿ ಇಸ್ತ್ರಿ ಇದೆ ಸರ್, ಆದರೆ ಅದು ದೇವರಿಗೆ ಅಂತ ಹೇಳಲೇ?

ಪ್ರಾರ್ಥನೆಯೂ ಹಾಗೇ. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಮೊಣಕಾಲೂರಬೇಕು. ಅವ್ವ ಮೊದಲು ಅಂದಿನ ಬಾಣಂತಿಯರಿಗಾಗಿ ಪ್ರಾರ್ಥಿಸುವಳು, ಆಮೇಲೆ ಹುಟ್ಟಿದ ಕೂಸುಗಳಿಗಾಗಿ, ಆಮೇಲೆ ಪಾಸ್ಟರ್ ಅಯ್ಯನವರಿಗಾಗಿ, ಮಳೆಗಾಗಿ, ಊರಿನ ಕುಂಟರು ಕುರುಡರಿಗಾಗಿ. ಎಲ್ಲ ಮುಗಿದ ಮೇಲೆ 'ನನ್ನ ಮಕ್ಕಳು' ಅಂತ ಒಂದೇ ಮಾತಿನಲ್ಲಿ ನನ್ನನ್ನೂ ತಮ್ಮನನ್ನೂ ಸೇರಿಸಿ ಕಟ್ಟಿಬಿಡುವಳು. ಆ ಹೊತ್ತಿಗೆ ಬಹಳ ಸಲ ನನಗೆ ನಿದ್ದೆ ಬಂದಿರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ಕೂತು ಬೆಳೆದವಳು ನಾನು.

ಆದರೂ ಇವೆಲ್ಲ ಸಹಿಸಬಹುದಾಗಿತ್ತು. ಊರು ದೊಡ್ಡದು, ದೇವರು ಇನ್ನೂ ದೊಡ್ಡವನು, ಅವರ ಜೊತೆ ಜಗಳ ಮಾಡುವುದಕ್ಕೆ ಆಗುತ್ತದೆಯೇ? ನನ್ನ ಜಗಳ ಒಬ್ಬಳ ಜೊತೆ.

ಆಗ ನಾನಿನ್ನೂ ಒಂದನೆಯ ಇಯತ್ತೆ. ತಮ್ಮ ಎದೆಹಾಲು ಕುಡಿಯುವ ಕೂಸು. ಇಟಗಿಯ ಕಡೆಯ ಒಂದು ಒಕ್ಕಲು ಮನೆಯ ಹೆಂಗಸು ಮನೆಯಲ್ಲೇ ಹೆತ್ತು, ರಕ್ತ ನಿಲ್ಲದೆ, ದವಾಖಾನೆಗೆ ತರುವ ಹೊತ್ತಿಗೆ ಹೋಗಿಬಿಟ್ಟಿದ್ದಳು. ಕೂಸು ಹೆಣ್ಣು. ಕೂಸಿನ ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವರಾಂಡದಲ್ಲಿ ಕೂತಿದ್ದಳಂತೆ. ಅವ್ವ ಅಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳ ತೋಳಲ್ಲಿ ಆ ಕೂಸು, ಹಿಂದೆ ಆ ಮುದುಕಿ. ಅವ್ವ ಚಾಪೆಯ ಮೇಲೆ ಕೂತು, ಒಂದು ಮೊಲೆಗೆ ತಮ್ಮನನ್ನು, ಇನ್ನೊಂದಕ್ಕೆ ಆ ಕೂಸನ್ನು ಹಚ್ಚಿಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎರಡು ಕಡೆಯೂ ತುಂಬಿತ್ತು. ನನಗೆ ತೊಡೆಯ ಮೇಲೆ ತಲೆ ಇಡುವುದಕ್ಕೂ ಜಾಗವಿರಲಿಲ್ಲ.

ಮುದುಕಿ ಮಡಿವಂತಳು, ಕೊರಳಲ್ಲಿ ಲಿಂಗದ ಕರಡಿಗೆ. ನಮ್ಮ ಮನೆಯಲ್ಲಿ ನೀರು ಕುಡಿಯಲೂ ಮೊದಮೊದಲು ಅಳುಕುತ್ತಿದ್ದಳು. ಆದರೆ ಮೊಮ್ಮಗಳು ಹಾಲು ಕುಡಿಯುವ ಸಪ್ಪಳ ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ಹಾಲಿಗೆ ಜಾತಿ ಎಲ್ಲೈತಿ ಅಂತ ತನಗೆ ತಾನೇ ಹೇಳಿಕೊಂಡಳು. ತಿಂಗಳುಗಟ್ಟಲೆ ಆ ಕೂಸು ನಮ್ಮ ಮನೆಯಲ್ಲಿತ್ತು. ಅದು ಮೇಲಿನ ಹಾಲಿಗೆ ಹೊಂದಿಕೊಂಡ ಮೇಲೆ ಮುದುಕಿ ಕರೆದುಕೊಂಡು ಹೋದಳು. ಆ ದಿನ ಅವ್ವ ಅತ್ತಳು. ನಾನು ತೊಟ್ಟಿಲು ಖಾಲಿಯಾಯಿತು ಅಂತ ಓಣಿಯ ತುಂಬ ಕುಣಿದೆ.

ಹೋದವಳು ಹೋಗಿಯೇ ಬಿಟ್ಟಿದ್ದರೆ ನನಗೂ ಮರೆತು ಹೋಗುತ್ತಿತ್ತು. ಅವಳು ಬೆಳೆದಳು, ಅಸೂಟಿಗೆ ಮದುವೆಯಾಗಿ ಹೋದಳು. ಅಜ್ಜಿ ತೀರಿಕೊಂಡಳು. ಅವಳಪ್ಪ ಮರುಮದುವೆಯಾಗಿ ದೂರದ ಊರು ಸೇರಿದ್ದ. ಪಂಚಮಿ ಬಂತು, ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಅವ್ವನಿಗೆ ಅದು ಹೇಗೆ ತಿಳಿಯಿತೋ, ತಮ್ಮನ ಕೈಗೆ ಸೈಕಲ್ ಕೊಟ್ಟು, ಹೋಗಿ ಅಕ್ಕನನ್ನು ಕರೆದುಕೊಂಡು ಬಾ ಅಂದಳು. ಅವಳು ತಮ್ಮನ ಓರಿಗೆಯವಳು, ಕೆಲವು ತಿಂಗಳು ಸಣ್ಣವಳೇ, ಹಾಲು ಹಂಚಿಕೊಂಡವಳು. ತಮ್ಮನಿಗೆ ಅಕ್ಕ ಅಂದರೆ ನಾನೊಬ್ಬಳೇ ಆಗಬೇಕಿತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಬೇರೆ, ತವರಿನವರು ಕರೆಯಲು ಬರುವುದು ಬೇರೆ. ಹೋಗುವುದಕ್ಕೆ ಬಸ್ಸಿದ್ದರೆ ಸಾಕು. ಕರೆಯುವುದಕ್ಕೆ ಅಣ್ಣನೋ ತಮ್ಮನೋ ಬಂದು ಗಂಡನ ಮನೆಯ ಕಟ್ಟೆಯ ಮೇಲೆ ಕೂಡಬೇಕು, ಚಹಾ ಕುಡಿಯಬೇಕು, ಅವ್ವ ಕರಕೊಂಡು ಬಾ ಅಂದಾಳ ಅಂತ ಅತ್ತೆಗೆ ಕೇಳಿಸುವ ಹಾಗೆ ಹೇಳಬೇಕು. ಆಮೇಲೆ ಹೆಣ್ಣುಮಗಳು ಚೀಲ ತುಂಬಿಕೊಂಡು, ಓಣಿಯವರಿಗೆಲ್ಲ ಹೇಳಿ, ಇಲ್ಲದ ಗಡಿಬಿಡಿ ಮಾಡಿಕೊಂಡು ಹೊರಡಬೇಕು. ಪಂಚಮಿಗೆ ಇದೆಲ್ಲ ಆಗಲೇಬೇಕು. ಆಗದಿದ್ದರೆ ಆ ಹೆಣ್ಣಿಗೆ ಹಿಂದೆ ಮುಂದೆ ಯಾರಿಲ್ಲ ಅಂತ ಅರ್ಥ.

ನನ್ನನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಅದೂ ಚರ್ಚಿನ ಮನೆಯೇ. ಕ್ರಿಸ್‌ಮಸ್ಸಿಗೆ ತವರಿಗೆ ಹೋಗುತ್ತೇನೆ ಅಂದರೆ ಅತ್ತೆ, ಸೊಸೆ ಮನೆ ಬಿಟ್ಟರೆ ಕರ್ಚಿಕಾಯಿ ಕರಿಯುವವರು ಯಾರು ಅನ್ನುವಳು. ಅವಳದೂ ತಪ್ಪಲ್ಲ. ಈಸ್ಟರಿಗೆ ಅವ್ವನಿಗೇ ಪುರುಸೊತ್ತಿಲ್ಲ, ಬೆಳಕು ಹರಿಯುವ ಮುಂಚೆ ಚರ್ಚಿನಲ್ಲಿರಬೇಕು. ಪಂಚಮಿ ನಮ್ಮದಲ್ಲ. ಹೀಗೆ ವರ್ಷದ ಎಲ್ಲ ಹಬ್ಬಗಳೂ ಬಂದು ನನ್ನನ್ನು ದಾಟಿಕೊಂಡು ಹೋಗುತ್ತಿದ್ದವು. ಯಾವಾಗಾದರೂ ಫೋನಿನಲ್ಲಿ ಅವ್ವ, ಬರುವುದಿದ್ದರೆ ಬಾ, ಮನೆ ನಿನ್ನದೇ ಇದೆಯಲ್ಲ ಅನ್ನುವಳು. ಮನೆ ಎಲ್ಲಿಗೂ ಹೋಗಿಲ್ಲ ಅಂತ ನನಗೂ ಗೊತ್ತಿತ್ತು.

ನನ್ನ ಹಣೆಬರಹ ನೋಡಿ, ನಾನು ಕಲಿತದ್ದು ಹೊಲಿಗೆ. ಮನೆಯ ಮುಂದಿನ ಖೋಲಿಯಲ್ಲೇ ಅಂಗಡಿ. ಶ್ರಾವಣ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಕುಬಸದ ಬಟ್ಟೆ ಹಿಡಿದು ಬರುವರು. ತವರಿಗೆ ಹೋಗಬೇಕು, ಲಗೂ ಕೊಡ್ರಿ. ಅಣ್ಣ ನಾಳೆ ಬರ್ತಾನ, ಇವತ್ತೇ ಕೊಡ್ರಿ. ಊಟ ಬಿಟ್ಟು ಹೊಲಿಯುತ್ತಿದ್ದೆ. ಊರಿನ ಎಲ್ಲರ ತವರಿಗೂ ನಾನು ಗುಂಡಿ ಹಚ್ಚಿ ಕಳಿಸಿದ್ದೇನೆ. ನಿಮ್ಮನ್ನ ಕರಿಯಾಕ ಬರೂದಿಲ್ಲೇನ್ರಿ ಅಂತ ಯಾರಾದರೂ ಕೇಳಿದರೆ, ನಮ್ಮಲ್ಲಿ ಪಂಚಮಿ ಇಲ್ಲ ಅಂತ ಹೇಳಿ ಮಷಿನ್ ಜೋರಾಗಿ ತುಳಿಯುತ್ತಿದ್ದೆ. ಅದೇ ಹೊತ್ತಿಗೆ ರೋಣದಲ್ಲಿ ಅವ್ವ ಶೇಂಗಾ ಹುರಿಯುತ್ತಿರುತ್ತಾಳೆ ಅಂತ ನೆನಪಾದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ತಡೆಯಲಾಗಲಿಲ್ಲ. ಕರೆಯದಿದ್ದರೂ ಹೋದೆ. ಹಿತ್ತಲಲ್ಲಿ ಜೋಕಾಲಿ, ಅದರ ಮೇಲೆ ಅವಳು. ತಲೆ ತುಂಬ ಹೂವು, ಕೈ ತುಂಬ ಹಸಿರು ಬಳೆ. ಬಳೆಗಾರನನ್ನು ಕರೆಸಿ ಇಡಿಸಿದವಳು ಅವ್ವ. ನನ್ನನ್ನು ಕಂಡ ಕೂಡಲೇ ಇಳಿದು, ಬರ್ರಿ ಅಕ್ಕ, ನೀವೂ ಜೀಕ್ರಿ ಅಂದಳು. ನನ್ನ ಮನೆಯಲ್ಲಿ ನನಗೇ ಬರ್ರಿ ಅನ್ನುವವಳು! ಒಳ್ಳೆಯವಳು, ಅದೇ ದೊಡ್ಡ ತ್ರಾಸು. ಕೆಟ್ಟವಳಾಗಿದ್ದರೆ ಜುಟ್ಟು ಹಿಡಿದು ಜಗಳ ಮಾಡಬಹುದಿತ್ತು. ನಾನು ಸಣ್ಣವಳಿದ್ದಾಗ ಓಣಿಯ ಹುಡುಗಿಯರ ಜೋಕಾಲಿ ಹತ್ತಿದ್ದಕ್ಕೆ ಇದೇ ಅವ್ವ ನನ್ನ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು. ಚರ್ಚಿನ ಹಿರಿಯರು ನೋಡಿದರೆ ಏನೆಂದಾರು ಅಂದಿದ್ದಳು. ಹಾಗಾಗಿ ನಾನು, ನಮ್ಮಲ್ಲಿ ಇದೆಲ್ಲ ಇಲ್ಲ ಅಂತ ಹೇಳಿ ಅಡುಗೆಮನೆಗೆ ನಡೆದೆ.

ಚರ್ಚಿನ ಹಿರಿಯರು ನೋಡಿಯೇ ಇದ್ದರು. ನರ್ಸಬಾಯಿಯ ಹಿತ್ತಲಲ್ಲಿ ಪಂಚಮಿ ಜೋಕಾಲಿ ಏನು ಅಂತ ಕೇಳಿಯೂ ಇದ್ದರು. ಆ ಹುಡುಗಿ ನಮ್ಮ ಮನೆಗೆ ಬಂದಿದ್ದಾಳೆ, ನಮ್ಮ ಧರ್ಮಕ್ಕೆ ಬಂದಿಲ್ಲ, ಅವಳ ಹಬ್ಬವನ್ನು ಅವಳ ತವರಲ್ಲಿ ಮಾಡಿಕೊಳ್ಳಲಿ ಅಂತ ಅವ್ವ ಉತ್ತರ ಕೊಟ್ಟಳಂತೆ. ಮುಂದಿನ ರವಿವಾರ ಮೊದಲಿನ ಹಾಗೇ ಮೇಜಿಗೆ ಬಿಳಿ ಬಟ್ಟೆ ಹಾಸಿದಳು. ಯಾರೂ ಎರಡನೆಯ ಮಾತು ಆಡಲಿಲ್ಲ. ಅವರಿಗೆ ಅಷ್ಟು ಗಟ್ಟಿಯಾಗಿ ಹೇಳಬಲ್ಲವಳು ನನ್ನ ಜೋಕಾಲಿಗೆ ಮಾತ್ರ ಹೆದರಿದ್ದಳು.

ಅಡುಗೆಮನೆಯಲ್ಲಿ ಅವ್ವ ಉಂಡಿ ಕಟ್ಟುತ್ತಿದ್ದಳು. ಕೇಳಿಯೇ ಬಿಟ್ಟೆ.

'ಅಕಿಗೆ ತಮ್ಮನ್ನ ಕಳಸ್ತಿ. ನನಗ ಯಾಕ ಕಳಸೂದಿಲ್ಲ?'

'ಅಕಿ ಹಬ್ಬ ಅಕಿಗೆ. ಮಂದೀದಕ್ಕ ಆಸೆ ಪಡಬಾರದವ್ವ, ದೇವರ ಆಜ್ಞೆ ಐತಿ.'

ನೆರೆಯವರ ಎತ್ತಿಗೂ ಕತ್ತೆಗೂ ಆಸೆ ಪಡಬಾರದು ಅಂತ ಇದೆ, ಖರೆ. ರವಿವಾರದ ಸಾಲಿಯಲ್ಲಿ ನಾನೂ ಬಾಯಿಪಾಠ ಮಾಡಿದ್ದೇನೆ. ಸ್ವಂತ ಅವ್ವನಿಗೆ ಆಸೆ ಪಡಬಾರದು ಅಂತ ಎಲ್ಲಿದೆ? ಕೇಳಲಿಲ್ಲ. ಅವಳು ಕೈಗಿಟ್ಟ ಉಂಡಿಯನ್ನು ಅಲ್ಲೇ ತಾಟಿನಲ್ಲಿ ಇಟ್ಟು, ಮುಂದಿನ ಬಸ್ಸಿಗೆ ಗಜೇಂದ್ರಗಡಕ್ಕೆ ಬಂದುಬಿಟ್ಟೆ. ಆಮೇಲೆ ಶ್ರಾವಣದಲ್ಲಿ ರೋಣದ ಕಡೆ ತಲೆ ಹಾಕಲಿಲ್ಲ.

ಅವ್ವ ನಿವೃತ್ತಳಾಗುವ ದಿನಕ್ಕೆ ಕಾಯುತ್ತಿದ್ದೆ. ಸರ್ಕಾರ ತನ್ನ ಅರ್ಧ ವಾಪಸು ಕೊಡುತ್ತದೆ, ಆ ಅರ್ಧ ನನ್ನದು ಅಂದುಕೊಂಡಿದ್ದೆ. ಎಲ್ಲಿ ಬಂತು? ಆ ಅರ್ಧವನ್ನೂ ಚರ್ಚು ನುಂಗಿತು. ಸ್ತ್ರೀಯರ ಪ್ರಾರ್ಥನಾ ಕೂಟ, ಹಾಸಿಗೆ ಹಿಡಿದವರ ಮನೆಗೆ ಹೋಗಿ ಬೆನ್ನು ಹುಣ್ಣು ತೊಳೆಯುವುದು, ಪಾಸ್ಟರರ ಹೆಂಡತಿಯ ಬಾಣಂತನ. ಅಪ್ಪ ತೀರಿಕೊಂಡ ಮೇಲೆ ತಮ್ಮನ ಮಕ್ಕಳ ಸಾಲಿ, ಊಟ, ಜ್ವರ. ತಮ್ಮ ನರಗುಂದದ ಹತ್ತಿ ಅಂಗಡಿಯೊಂದಕ್ಕೆ ದಿನಾ ಹೋಗಿ ಬರುತ್ತಿದ್ದ, ಅವನ ಡಬ್ಬಿಯನ್ನೂ ಅವ್ವನೇ ಕಟ್ಟುವಳು. ನನ್ನ ಮನೆಗೆ ಬಂದರೆ ಸಂಜೆಯ ಬಸ್ಸು ನೋಡುತ್ತ ಕೂಡುವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಇದೆ. ನನ್ನ ಅವ್ವ ಮನೆಗೂ ಉಪಕಾರಿಯೇ. ಗಾದೆಯಲ್ಲೂ ನನಗೆ ಜಾಗವಿರಲಿಲ್ಲ.

ಆಮೇಲೆ ಅವಳ ಮೊಣಕಾಲು ಸೋತವು. ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿದರೆ ಅವಳೊಬ್ಬಳೇ ಬೆಂಚಿನ ಮೇಲೆ ಕೂತು ತಲೆ ಬಗ್ಗಿಸುವಳು. ಆ ವರ್ಷ ಆಷಾಢ ಮುಗಿಯುವಾಗ, ಯಾರದೋ ಕುಬಸಕ್ಕೆ ತೋಳು ಕೂಡಿಸುತ್ತ ಕೂತವಳಿಗೆ ಒಂದು ಯೋಚನೆ ಬಂತು. ಅವ್ವನಿಗೂ ತವರಿಲ್ಲ. ಅವಳು ಗದಗಿನ ಕಡೆ ಮಿಷನ್ನಿನವರ ಅನಾಥ ಹುಡುಗಿಯರ ಬೋರ್ಡಿಂಗಿನಲ್ಲಿ ಬೆಳೆದವಳು. ಅವ್ವ ಅಪ್ಪ ಯಾರೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಅವಳು ಮಾತಾಡಿದವಳೂ ಅಲ್ಲ. ಅವಳು ನನ್ನನ್ನು ಕರೆಯದಿದ್ದರೆ ಬಿಡಲಿ, ನಾನು ಅವಳನ್ನು ಕರೆಯುತ್ತೇನೆ. ಅವಳಿಗೆ ನಾನೇ ತವರಾಗುತ್ತೇನೆ. ಅಸೂಟಿಯವಳು ಅವ್ವನ ಮಗಳಾಗಬಹುದು, ಅವ್ವನ ತವರು ಹೇಗಾಗುತ್ತಾಳೆ, ನೋಡೇ ಬಿಡೋಣ.

ಇದು ಪ್ರೀತಿಯೋ ಹಟವೋ ಅಂತ ನನ್ನ ಗಂಡ ಕೇಳಿದ. ಎರಡೂ ಒಂದೇ ಬಟ್ಟೆ, ಒಳಗು ಹೊರಗು ಅಷ್ಟೇ ಅಂದೆ. ಗುಳೇದಗುಡ್ಡದ ಖಣ ತಂದು ಅವ್ವನ ಅಳತೆಗೆ ಕುಬಸ ಹೊಲಿದೆ. ಊರಲ್ಲೇ ನೇಯ್ದ ಸೀರೆ ತಂದೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಎಲ್ಲ ಕಟ್ಟಿದೆ. ನಮ್ಮದು ಪತ್ರಾಸಿನ ಮನೆ, ಮೇಲೆ ತಗಡು, ಹಿತ್ತಲಲ್ಲಿ ಮರವಿಲ್ಲ. ಅಂಗಡಿಯ ಖೋಲಿಯಲ್ಲಿ ಮಾತ್ರ ಗಟ್ಟಿ ತೊಲೆಯಿದೆ. ಮಷಿನ್ ಸರಿಸಿ ಆ ತೊಲೆಗೆ ಹಗ್ಗ ಹಾಕಿಸಿದೆ. ಅತ್ತೆ ಆಗಲೇ ಕಣ್ಣು ಮುಚ್ಚಿದ್ದಳು, ಇಲ್ಲದಿದ್ದರೆ ಇದೂ ನಡೆಯುತ್ತಿರಲಿಲ್ಲ.

ರೊಟ್ಟಿ ಪಂಚಮಿಯ ದಿನ, ಅಂದರೆ ಹಾಲೆರೆಯುವ ಹಿಂದಿನ ದಿನ, ರೋಣಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಟ್ಟೆಯ ಮೇಲೆ ಕೂಡಬೇಕು, ಚಹಾ ಕುಡಿಯಬೇಕು, ಆಮೇಲೆ ಹೇಳಬೇಕು. ತಮ್ಮನ ಹೆಂಡತಿ ಬಾಗಿಲು ತೆಗೆದಳು. ಅತ್ತಿ ಮನೆಯಲ್ಲಿಲ್ಲ, ಬೆಳಿಗ್ಗೆಯೇ ಅಸೂಟಿಯಿಂದ ಕರೆಯಲು ಬಂದಿದ್ದರು, ಮೊಣಕಾಲು ನೋವಿನಲ್ಲಿ ನೀವು ಉಂಡಿ ಕಟ್ಟುವುದು ಬೇಡ, ಈ ಸಲ ನೀವೇ ನಮ್ಮ ಮನೆಗೆ ಬರ್ರಿ ಅಂತ ಅವಳ ಗಂಡ ಟ್ರ್ಯಾಕ್ಟರಿನಲ್ಲಿ ಗಾದಿ ಹಾಸಿ ಕರೆದುಕೊಂಡು ಹೋದ ಅಂದಳು.

ನಿಂತಲ್ಲೇ ಸುಟ್ಟು ಬೂದಿಯಾದೆ. ಅದನ್ನೂ ಅವಳೇ ಮೊದಲು ಮಾಡಿದ್ದಳು! ನಾನು ಜೀವಮಾನದಲ್ಲಿ ಒಂದು ಹೊಸ ವಿಚಾರ ಮಾಡಿದರೆ ಅದನ್ನೂ ಅವಳು ಬೆಳಿಗ್ಗೆಯ ಟ್ರ್ಯಾಕ್ಟರಿನಲ್ಲಿ ಒಯ್ದಿದ್ದಳು. ತಮ್ಮನ ಹೆಂಡತಿ ಕೂಡ್ರಿ ಅಂದಳು. ಕೂಡಲಿಲ್ಲ. ಟಂಟಂ ರಿಕ್ಷಾ ಹಿಡಿದು ಅಸೂಟಿಗೆ ಹೋದೆ.

ಅವಳ ಮನೆಯ ಹಿತ್ತಲಲ್ಲಿ ಹುಣಸೆ ಮರ. ಜೋಕಾಲಿಯ ಮೇಲೆ ನನ್ನ ಅವ್ವ. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಳು, ಊದಿದ ಕಾಲು ಮುಂದಕ್ಕೆ ಚಾಚಿದ್ದಳು. ಅಸೂಟಿಯವಳು ಹಿಂದಿನಿಂದ ಮೆಲ್ಲಗೆ ನೂಕುತ್ತಿದ್ದಳು. ಅವ್ವ ನಗುತ್ತಿದ್ದಳು. ದವಾಖಾನೆಯ ನಗು ಗೊತ್ತು, ಚರ್ಚಿನ ನಗು ಗೊತ್ತು, ಇದು ನಾನು ಕಾಣದ ನಗು. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು.

ಕಟ್ಟೆಯೂ ಇಲ್ಲ, ಚಹಾವೂ ಇಲ್ಲ, ಜೋಡಿಸಿಕೊಂಡ ಮಾತೂ ಇಲ್ಲ. ಚೀಲ ಹಿಡಿದುಕೊಂಡೇ ಅಂದೆ:

'ಅವ್ವಾ, ನಿನ್ನ ಕರಿಯಾಕ ಬಂದೀನಿ.'

ಅವಳ ನಗು ಹೋಯಿತು. ಗಡಬಡಿಸಿ ಕಾಲೂರಿ ಜೋಕಾಲಿ ನಿಲ್ಲಿಸಿದಳು. ಕನ್ನಡಕ ಹುಡುಕಿ ಹಾಕಿಕೊಂಡಳು.

'ಯಾರಿಗೆ ಏನಾತು?'

ಜೀವಮಾನವೆಲ್ಲ ಅವಳನ್ನು ಕರೆಯಲು ಬಂದವರು ಬೇನೆಗೇ ಬಂದಿದ್ದರು.

'ಯಾರಿಗೂ ಏನೂ ಆಗಿಲ್ಲ. ಹಬ್ಬಕ್ಕ ಕರಿಯಾಕ ಬಂದೀನಿ. ನಮ್ಮ ಮನಿಗೆ.'

ಹೆಂಗಸರಲ್ಲಿ ಒಬ್ಬಳು, ಮಗಳ ಮನೆ ತವರಾದದ್ದು ಎಲ್ಲಿಯಾದರೂ ಉಂಟೇ ಅಂತ ನಕ್ಕಳು. ಅವ್ವ ನಗಲಿಲ್ಲ. ಆಗ ಅಸೂಟಿಯವಳು ಮುಂದೆ ಬಂದು ಅವ್ವನ ಕೈ ಹಿಡಿದುಕೊಂಡಳು. ಅಷ್ಟು ವರ್ಷದಲ್ಲಿ ಅವಳು ನನ್ನ ಎದುರು ಏನನ್ನೂ ಬೇಕೆಂದು ಕೇಳಿದವಳಲ್ಲ.

'ಇದೊಂದು ಹಬ್ಬ ಬಿಡ್ರಿ ಅಕ್ಕ. ನಿಮಗರ ದಿನಾ ಅವ್ವ ಅದಾರ. ನನಗ ವರ್ಷಕ್ಕೊಮ್ಮೆ.'

ದಿನಾ! ನನಗೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಇವಳ ಪಂಚಮಿಯೊಂದಕ್ಕೆ ಉರಿದುಕೊಂಡು ಕೂತಿದ್ದೆ, ಇವಳು ನನ್ನ ಉಳಿದ ದಿನಗಳಿಗೆಲ್ಲ ಉರಿದುಕೊಂಡಿದ್ದಳು. ಆ ದಿನಗಳಲ್ಲಿ ಏನೂ ಇರಲಿಲ್ಲ ಅಂತ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅವಳ ಮುಖ ನೋಡಿದೆ. ಪಾಪ ಅನ್ನಿಸಿತು. ಅನ್ನಿಸಿದರೂ ನಾನು ಅವ್ವನ ಇನ್ನೊಂದು ಕೈ ಹಿಡಿದೆ, ಬಿಡಲಿಲ್ಲ. ಬಿಡಬೇಕಾಗಿತ್ತು ಅಂತ ಈಗಲೂ ನನಗೆ ಅನ್ನಿಸಿಲ್ಲ.

ಅವ್ವ ಇಬ್ಬರನ್ನೂ ನೋಡಿದಳು. ಆಮೇಲೆ ಅಸೂಟಿಯವಳ ತಲೆ ಸವರಿ, ಮಗಳು ಕರೆಯಲು ಬಂದಿದ್ದಾಳೆ, ಹೋಗಬೇಕವ್ವ ಅಂದಳು. ಅವಳು ಒಳಗೆ ಹೋಗಿ ಕಟಕ ರೊಟ್ಟಿ, ಕಾಳು ಪಲ್ಲೆ, ಉಂಡಿ ಎಲ್ಲ ಬುತ್ತಿ ಕಟ್ಟಿ ತಂದು ನನ್ನ ಕೈಗೇ ಕೊಟ್ಟಳು. ರಸ್ತೆಯ ತನಕ ಬರಲಿಲ್ಲ.

ಗಜೇಂದ್ರಗಡದಲ್ಲಿ ನಮ್ಮ ಓಣಿ ನೋಡುವ ಹಾಗೆ ಅವ್ವನನ್ನು ಇಳಿಸಿಕೊಂಡೆ. ಬಿಸಿನೀರು ಹಾಕಿದೆ, ಎಣ್ಣೆ ಹಚ್ಚಿದೆ, ಹೊಸ ಕುಬಸ ತೊಡಿಸಿದೆ. ತೋಳು ಸ್ವಲ್ಪ ಸಡಿಲಾಯಿತು, ಅವಳು ಅಷ್ಟು ಸೊರಗಿದ್ದು ನನಗೆ ತಿಳಿದಿರಲಿಲ್ಲ. ಮರುದಿನ ಮಧ್ಯಾಹ್ನ ಗಂಡ ಮಲಗಿದ್ದ. ಅಂಗಡಿಯ ಬಾಗಿಲು ಮುಂದೆ ಮಾಡಿ ಅವಳನ್ನು ಜೋಕಾಲಿಯ ಮೇಲೆ ಕೂಡಿಸಿದೆ. ನಾಲ್ಕು ಸಲ ಜೀಕಿದ ಮೇಲೆ ಅವಳು ಸರಿದು ಜಾಗ ಮಾಡಿ, ನೀನೂ ಕೂಡು ಅಂದಳು. ಇಬ್ಬರೂ ಕೂತೆವು. ತೊಲೆ ಕಿರ್ ಅನ್ನುತ್ತಿತ್ತು. ಅವಳು ನನ್ನ ಕಡೆ ನೋಡದೆ ಮಾತಾಡಿದಳು.

'ಬೋರ್ಡಿಂಗಿನ್ಯಾಗ ಸೂಟಿ ಬಿಟ್ರ ಎಲ್ಲಾ ಹುಡಿಗ್ಯಾರನ್ನೂ ಯಾರರ ಕರಿಯಾಕ ಬರ್ತಿದ್ರು. ನಾನೂ ಟ್ರಂಕ ಹಿಡಕೊಂಡು ಗೇಟಿನ ಹತ್ರ ನಿಂದರ್ತಿದ್ದೆ. ಯಾರೂ ಬರೂದಿಲ್ಲಂತ ಗೊತ್ತಿದ್ರೂ ನಿಂದರ್ತಿದ್ದೆ.'

ನಾನು ಕಾಲಿನಿಂದ ನೆಲ ಒತ್ತಿ ಇನ್ನೊಮ್ಮೆ ಜೀಕಿದೆ.

'ನಿನ್ನ ಕರೀಬೇಕಂತ ನನಗ ಹೊಳೀಲೇ ಇಲ್ಲವ್ವ. ಅವ್ವ ಇದ್ದವರಿಗೆ ಕರಿಯೂದು ಯಾಕ ಬೇಕು, ಅಂದಕೊಂಡಿದ್ದೆ.'

ಅಷ್ಟು ವರ್ಷ ಬಯ್ಯಬೇಕು ಅಂತ ಕೂಡಿಸಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ. ಅವಳ ಭುಜಕ್ಕೆ ತಲೆ ಇಟ್ಟೆ. ಅವಳು ನನ್ನ ಕೂದಲಲ್ಲಿ ಕೈಯಾಡಿಸುತ್ತ, ನಾನು ಹುಟ್ಟಿದ್ದು ಹೇಗೆ ಅಂತ ಹೇಳಿದಳು. ತಾನೇ ಕೆಲಸದಲ್ಲಿದ್ದಾಗ, ತನ್ನದೇ ವಾರ್ಡಿನಲ್ಲಿ, ಬೇರೆಯವಳ ಹೆರಿಗೆ ಮುಗಿಸಿ ಪಕ್ಕದ ಮಂಚ ಹತ್ತಿದಳಂತೆ. ನಾನು ಅಳದೆ ಬಂದೆನಂತೆ. ಬೆನ್ನಿಗೆ ಬಡಿದ ಮೇಲೆ ಅತ್ತೆನಂತೆ, ಆಮೇಲೆ ನಿಲ್ಲಿಸಲೇ ಇಲ್ಲವಂತೆ. ಇಬ್ಬರೂ ನಕ್ಕೆವು. ಶನಿವಾರ ಬೆಳಿಗ್ಗೆಯೇ ಅವಳು ಚೀಲ ಹಿಡಿದು ಸಿದ್ಧಳಾದಳು. ಮರುದಿನ ರವಿವಾರ, ಚರ್ಚಿನ ಬಟ್ಟೆಗೆ ಇಸ್ತ್ರಿ ಆಗಿರಲಿಲ್ಲ.

ಮುಂದಿನ ಶ್ರಾವಣಕ್ಕೆ ಅವ್ವ ಇರಲಿಲ್ಲ. ಚಳಿಗಾಲದಲ್ಲಿ ಹೋದಳು, ಹೆಚ್ಚು ನರಳದೆ ಹೋದಳು. ಮಣ್ಣಿಗೆ ತಾಲೂಕಿಗೆ ತಾಲೂಕೇ ಬಂದಿತ್ತು, ಅಳುವವರ ಗದ್ದಲದಲ್ಲಿ ನನಗೆ ಅಳುವುದಕ್ಕೂ ಜಾಗ ಸಿಗಲಿಲ್ಲ. ಅಸೂಟಿಯವಳು ದೂರದಲ್ಲಿ ಗೋಡೆಗೆ ಆತು ನಿಂತಿದ್ದಳು. ನಾನು ಮಾತಾಡಿಸಲಿಲ್ಲ, ಅವಳೂ ಬರಲಿಲ್ಲ.

ಈ ಶ್ರಾವಣದಲ್ಲಿ ಎಂದಿನ ಹಾಗೆ ಕುಬಸಗಳ ರಾಶಿಯ ನಡುವೆ ಕೂತಿದ್ದೆ. ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಅಸೂಟಿಯವಳ ಗಂಡ. ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟೆ, ಕುಡಿದ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತ ಮೇಲೆ ಹೇಳಿದ:

'ಅಕ್ಕನ್ನ ಹಬ್ಬಕ್ಕ ಕರಕೊಂಡು ಬರ್ರಿ ಅಂದಾಳ್ರಿ.'

ಒಲ್ಲೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕರೆಗೆ ನಾನು ಹೋಗುವುದೇ ಅಂತ ಹೊಟ್ಟೆಯೊಳಗೆ ಹಳೆಯ ಕಿಚ್ಚು ಎದ್ದೂ ಎದ್ದಿತು. ಆಮೇಲೆ ಲೆಕ್ಕ ಬೇರೆ ಹಾಕಿದೆ. ಅವಳ ಹತ್ತಿರ ನನ್ನ ಅವ್ವನ ಎಷ್ಟೊಂದು ಪಂಚಮಿಗಳಿವೆ. ಅವ್ವ ಬಳೆ ಇಡಿಸುವಾಗ ಏನಂದಳು, ಉಂಡಿ ಕಟ್ಟುವಾಗ ಏನು ಹೇಳಿದಳು, ಯಾವುದಕ್ಕೆ ನಕ್ಕಳು, ಎಲ್ಲ ಅವಳಿಗೆ ಗೊತ್ತು. ಅವಳ ಹತ್ತಿರ ಕೂತು ಒಂದೊಂದನ್ನೂ ಕೇಳಿ ತೆಗೆದುಕೊಳ್ಳಬೇಕು, ಏನೂ ಬಿಡಬಾರದು. ಮಷಿನ್ ಮುಚ್ಚಿ ಚೀಲ ತುಂಬಿದೆ. ಓಣಿಯ ಒಂದೊಂದು ಬಾಗಿಲಿಗೂ ಹೋಗಿ, ನಮ್ಮನ್ನೂ ಕರೆಯಲು ಬಂದಿದ್ದಾರೆ ಅಂತ ಹೇಳಿ ಬೈಕು ಹತ್ತಿದೆ. ತೊಲೆಯ ಕೆಳಗೆ ಅವ್ವನೂ ನಾನೂ ಇಬ್ಬರೇ ಕೂತ ಆ ಮಧ್ಯಾಹ್ನವನ್ನು ನಿಮಗೆ ಹೇಳಿದ್ದೇನೆ. ಅವಳಿಗೆ ಹೇಳುವುದಿಲ್ಲ.